ಯಕ್ಷಗಾನದ ಚಿತ್ರವೂ ಬೇಕು, ವಿಡಿಯೊವೂ ಬೇಕು: ನಿಕಾನ್ ಝಡ್8 ಒಂದೇ ಸಾಕೇ?

ಚೌಕಿಮನೆ

ಮೇಳಗಳ ತಿರುಗಾಟ ನವೆಂಬರ್‌ನಲ್ಲಿ ಮತ್ತೆ ಆರಂಭವಾಗುತ್ತದೆ. ಅಷ್ಟರೊಳಗೆ ಒಂದು ನಿರ್ಧಾರಕ್ಕೆ ಬರಬೇಕಾಗಿದೆ.

ನಾನು ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿಯ) ಆಟಗಳ ಚಿತ್ರ ತೆಗೆಯುವವನು. 2018ರಿಂದ ಕೈಯಲ್ಲಿರುವುದು ನಿಕಾನ್ ಡಿ850. ಅದರ ಮೇಲೆ ನನಗೆ ಯಾವ ದೂರೂ ಇಲ್ಲ. 45.7 ಮೆಗಾಪಿಕ್ಸೆಲ್, ಐಎಸ್‌ಒ 64ರ ಆ ಶುದ್ಧ ನೆರಳುಗಳು, ರಾತ್ರಿಯಿಡೀ ಸಾಲುವ ಬ್ಯಾಟರಿ. ಚಿತ್ರಕ್ಕೆ ಇನ್ನೇನೂ ಬೇಕೆಂದು ಅನ್ನಿಸಿರಲಿಲ್ಲ.

ಹೋದ ಮಳೆಗಾಲದಲ್ಲಿ ಎರಡು ಸಂಗತಿಗಳು ನಡೆದವು. ಮೊದಲನೆಯದು ಒಂದು ತಾಳಮದ್ದಳೆ, ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಪ್ರಸಂಗ. ಕರ್ಣನ ಅರ್ಥ ಹೇಳುತ್ತಿದ್ದ ಹಿರಿಯರು ಒಂದು ಮಾತಿನ ನಡುವೆ ನಿಲ್ಲಿಸಿ ಮೌನವಾಗಿ ಕುಳಿತರು. ಸಭೆಯೇ ಉಸಿರು ಹಿಡಿದಿತ್ತು. ಆ ಮುಖವನ್ನು ಬಿಡಲಾಗದೆ ಗುಂಡಿ ಒತ್ತಿದೆ. ಕ್ಯಾಮೆರಾದೊಳಗಿನ ಕನ್ನಡಿ ಎದ್ದು ಬೀಳುವ ಸದ್ದಿಗೆ ಮುಂದಿನ ಎರಡು ಸಾಲಿನವರು ತಿರುಗಿ ನೋಡಿದರು. ಆ ಮೌನವನ್ನು ಕಟ್ಟಲು ಆ ಹಿರಿಯರು ಇಪ್ಪತ್ತು ನಿಮಿಷ ಮಾತನಾಡಿದ್ದರು. ನಾನು ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿದೆ.

ಎರಡನೆಯದು ಇನ್ನೂ ಭಾರವಾದದ್ದು. ನಾನು ಬಹಳ ಪ್ರೀತಿಸುತ್ತಿದ್ದ ಒಬ್ಬ ಹಿರಿಯ ವೇಷಧಾರಿ ತೀರಿಕೊಂಡರು. ಅವರ ನಾನ್ನೂರಕ್ಕೂ ಹೆಚ್ಚು ಚಿತ್ರಗಳು ನನ್ನ ಬಳಿ ಇವೆ. ಅವರ ಮಂಡಿ ಕುಣಿತದ ಒಂದೇ ಒಂದು ನಿಮಿಷ ನನ್ನ ಬಳಿ ಇಲ್ಲ. ಅವರ ಮಗ ಬಂದು ಕೇಳಿದಾಗ ಕೊಡಲು ಏನೂ ಇರಲಿಲ್ಲ.

ಈ ಸಲ ಎರಡನ್ನೂ ದಾಖಲಿಸಬೇಕು. ಹೋಗುವವನು ನಾನೊಬ್ಬನೇ, ಬೈಕ್‌ನಲ್ಲಿ. ಎರಡು ಕ್ಯಾಮೆರಾ, ಎರಡು ಸ್ಟ್ಯಾಂಡ್ ಹೊರಲಾಗದು. ಝಡ್8 ಬಗ್ಗೆ ಓದುತ್ತಿದ್ದೇನೆ. 2023ರ ಮೇ ತಿಂಗಳಲ್ಲಿ ಇಲ್ಲಿಗೆ ಬಂದಾಗ ಮಸೂರವಿಲ್ಲದ ಕ್ಯಾಮೆರಾ ಬಾಡಿ ಒಂದಕ್ಕೇ ಮೂರೂವರೆ ಲಕ್ಷದ ಆಸುಪಾಸು ಬೆಲೆ. ಸಣ್ಣ ಮೊತ್ತವಲ್ಲ. ಬಳಸಿದವರು ತಿಳಿಸಿ. 8ಕೆ ವಿಡಿಯೊ ತೆಗೆದು ಅದರಿಂದಲೇ ಚಿತ್ರಗಳನ್ನು ಎತ್ತಿಕೊಂಡರೆ ಆಗದೇ ಎಂಬುದೂ ನನ್ನ ಪ್ರಶ್ನೆ.

ಹಳೆಮಸೂರ

ನಿಮ್ಮ ಮೊದಲನೇ ಸಮಸ್ಯೆಗೆ ಮೂರೂವರೆ ಲಕ್ಷ ಬೇಕಿಲ್ಲ. ಡಿ850ರಲ್ಲಿ ಲೈವ್ ವ್ಯೂ (ಹಿಂಬದಿಯ ಪರದೆಯಲ್ಲಿ ನೋಡುವ ಕ್ರಮ) ತೆರೆದು ಸದ್ದಿಲ್ಲದ ಕ್ರಮವನ್ನು ಆರಿಸಿ. ಕನ್ನಡಿ ಮೇಲೆಯೇ ಇರುತ್ತದೆ, ಶಟರ್ ವಿದ್ಯುನ್ಮಾನವಾಗುತ್ತದೆ, ಪೂರ್ಣ ಗಾತ್ರದ ಚಿತ್ರ ಸೆಕೆಂಡಿಗೆ 6ರಂತೆ ಬರುತ್ತದೆ.

ಚೌಕಿಮನೆ

ಅದನ್ನು ಬಳಸಿ ನೋಡಿದ್ದೇನೆ. ಕುಳಿತು ಅರ್ಥ ಹೇಳುವವರಿಗೆ, ಹಳದಿ ಬಲ್ಬಿನ ಬೆಳಕಿಗೆ ಸಾಲುತ್ತದೆ. ಆದರೆ ಈಗ ಎಲ್ಲ ಕಡೆಯೂ ಎಲ್‌ಇಡಿ. ಚಿತ್ರದುದ್ದಕ್ಕೂ ಕಪ್ಪು ಪಟ್ಟಿಗಳು ಬರುತ್ತವೆ. ಲೈವ್ ವ್ಯೂನಲ್ಲಿ ಫೋಕಸ್ ಕಾಂಟ್ರಾಸ್ಟ್ ವಿಧಾನದ್ದು, ಮುಂದೆ ಹಿಂದೆ ಹುಡುಕಾಡಿ ನಿಲ್ಲುವಷ್ಟರಲ್ಲಿ ಭಾವ ಮುಗಿದಿರುತ್ತದೆ. ಪರದೆಯನ್ನು ನೋಡುತ್ತ ಕ್ಯಾಮೆರಾವನ್ನು ಎದೆಯ ಮುಂದೆ ಹಿಡಿದರೆ ಅದರ ಬೆಳಕು ಪಕ್ಕದವರ ಕಣ್ಣಿಗೆ ಬೀಳುತ್ತದೆ.

ಭದ್ರಾತೀರ

ನನ್ನದು ಹಕ್ಕಿಗಳ ಲೋಕ, ಆದರೂ ಈ ಕ್ಯಾಮೆರಾವನ್ನು ಒಂದೂವರೆ ವರ್ಷದಿಂದ ಬಳಸುತ್ತಿರುವುದರಿಂದ ಬರೆಯುತ್ತೇನೆ. ಪಟ್ಟಿ ಬೀಳುವುದಕ್ಕೆ ಕಾರಣ ತಿಳಿದರೆ ಈ ಕ್ಯಾಮೆರಾಕ್ಕೆ ಬೆಲೆ ಯಾಕೆ ಹೆಚ್ಚು ಎಂಬುದೂ ತಿಳಿಯುತ್ತದೆ.

ವಿದ್ಯುನ್ಮಾನ ಶಟರ್ ಸಂವೇದಕವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಓದು ನಿಧಾನವಾದರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ದೀಪ ಎಷ್ಟೋ ಸಲ ಆರಿ ಹೊತ್ತಿರುತ್ತದೆ, ಕೈ ಎಷ್ಟೋ ದೂರ ಸರಿದಿರುತ್ತದೆ. ಅದಕ್ಕೇ ಪಟ್ಟಿ, ಅದಕ್ಕೇ ವಕ್ರವಾದ ರೆಕ್ಕೆ. ಝಡ್8ರ ಸಂವೇದಕ ಪದರ ಪದರವಾಗಿ ಕಟ್ಟಿದ್ದು. ಪಿಕ್ಸೆಲ್‌ಗಳ ಬೆನ್ನಿಗೇ ಓದುವ ವಿದ್ಯುತ್ ಮಂಡಲಗಳು ಅಂಟಿಕೊಂಡಿವೆ. ಇಡೀ ಚೌಕಟ್ಟನ್ನು ಸೆಕೆಂಡಿನ ಸುಮಾರು 270ನೇ ಒಂದು ಭಾಗದಲ್ಲಿ ಓದಿ ಮುಗಿಸುತ್ತದೆ. ಯಾಂತ್ರಿಕ ಶಟರಿನ ಪರದೆ ಇಳಿಯುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಇದರಲ್ಲಿ ಯಾಂತ್ರಿಕ ಶಟರ್ ಇಡಲೇ ಇಲ್ಲ. ಸದ್ದು ಇಲ್ಲವೇ ಇಲ್ಲ. ಕೇಳಿಸುವ ಸದ್ದು ಸ್ಪೀಕರಿನದು, ಅದನ್ನು ಮೆನುವಿನಲ್ಲಿ ನಿಲ್ಲಿಸಬಹುದು.

ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ನದಿ ರೀವಗಳು ಗೂಡು ಕಟ್ಟುವ ದಿನಗಳಲ್ಲಿ ದೋಣಿಯಿಂದ ತೆಗೆಯುತ್ತೇನೆ. ರೀವ ತಿರುಗುವ ಕ್ಷಣದಲ್ಲಿ ರೆಕ್ಕೆ ರೆಕ್ಕೆಯಾಗಿಯೇ ಉಳಿಯುತ್ತದೆ. ನಿಮ್ಮ ವೇಷ ಗಿರಕಿ ಹೊಡೆಯುವಾಗಲೂ ಕಿರೀಟ ವಾಲುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ರಾ (ಸಂಸ್ಕರಿಸದ ಮೂಲ ರೂಪದ) ಚಿತ್ರಗಳು ಸೆಕೆಂಡಿಗೆ 20. ಗುಂಡಿ ಒತ್ತುವ ಮೊದಲಿನ ಒಂದು ಸೆಕೆಂಡಿನ ಚಿತ್ರಗಳನ್ನು ಹಿಡಿದಿಡುವ ಸೌಲಭ್ಯವೂ ಇದೆ, ಆದರೆ ಅದು ಜೆಪೆಗ್‌ಗೆ ಮಾತ್ರ. 2024ರಲ್ಲಿ ಬಂದ ಕ್ಯಾನನ್ ಆರ್5 ಮಾರ್ಕ್ 2 ಅರ್ಧ ಸೆಕೆಂಡಿನಷ್ಟನ್ನು ರಾ ರೂಪದಲ್ಲೇ ಕೊಡುತ್ತದೆ. ಮಿಂಚುಳ್ಳಿಯ ಹಿಂದೆ ಬೀಳುವವರು ಅದನ್ನು ತೂಗಿ ನೋಡಬೇಕು. ನಿಮಗೆ ಅದು ಮುಖ್ಯವಲ್ಲ.

ಮದುವೆಚಿತ್ರ

ಹುಬ್ಬಳ್ಳಿ ಕಡೆಯಿಂದ ನಮಸ್ಕಾರ. ಮದುವೆಗಳ ಚಿತ್ರ, ವಿಡಿಯೊ ಎರಡೂ ನನ್ನ ಹೊಟ್ಟೆಪಾಡು.

8ಕೆಯಿಂದ ಚಿತ್ರ ಎತ್ತುವ ಆಸೆಯನ್ನು ಮೊದಲೇ ಬಿಡಿ. ಲೆಕ್ಕದಲ್ಲಿ ಸರಿ, 8ಕೆಯ ಒಂದು ಚೌಕಟ್ಟು 33 ಮೆಗಾಪಿಕ್ಸೆಲ್. ಗೋಡೆಯಷ್ಟು ದೊಡ್ಡದು ಮಾಡಬಹುದು. ಆದರೆ ಸೆಕೆಂಡಿಗೆ 25 ಚೌಕಟ್ಟಿನ ವಿಡಿಯೊ ಕಣ್ಣಿಗೆ ಹಿತವಾಗಿ ಹರಿಯಬೇಕಾದರೆ ಶಟರ್ ಸೆಕೆಂಡಿನ 1/50ರಲ್ಲಿ ಇರಬೇಕು. 1/50ರಲ್ಲಿ ಕುಣಿಯುವವನ ಕೈ ಮಂಜಾಗುತ್ತದೆ. ವಿಡಿಯೊದಲ್ಲಿ ಆ ಮಂಜೇ ಚಲನೆ, ಚಿತ್ರದಲ್ಲಿ ಅದೇ ದೋಷ. ಚಿತ್ರಕ್ಕಾಗಿ ಶಟರನ್ನು 1/500ಕ್ಕೆ ಏರಿಸಿದಿರೋ, ವಿಡಿಯೊ ಕಡ್ಡಿ ಮುರಿದಂತೆ ಕುಪ್ಪಳಿಸುತ್ತದೆ. ಎರಡರ ಶಟರ್ ಧರ್ಮವೇ ಬೇರೆ.

ಒಂದೇ ಕ್ಯಾಮೆರಾ ಎರಡನ್ನೂ ಮಾಡಬಲ್ಲದು, ಒಂದೇ ಕ್ಷಣದಲ್ಲಿ ಎರಡನ್ನೂ ಮಾಡಲಾರದು. ಧಾರೆ ಎರೆಯುವ ಗಳಿಗೆಯಲ್ಲಿ ನಾನು ಯಾವುದನ್ನು ಬಿಡುತ್ತೇನೆ ಎಂಬುದನ್ನು ಹಿಂದಿನ ರಾತ್ರಿಯೇ ನಿರ್ಧರಿಸಿರುತ್ತೇನೆ. ನೀವೂ ಪ್ರಸಂಗವನ್ನು ಬಲ್ಲವರು. ಒಡ್ಡೋಲಗ (ವೇಷಗಳ ಪ್ರವೇಶದ ಕುಣಿತ) ವಿಡಿಯೊಗೆ, ಸಂವಾದದ ಮುಖಭಾವ ಚಿತ್ರಕ್ಕೆ ಎಂದು ಮೊದಲೇ ಹಂಚಿಕೊಳ್ಳಬಹುದು. ಚಿತ್ರದಿಂದ ವಿಡಿಯೊಗೆ ಬದಲಿಸಲು ಕ್ಯಾಮೆರಾದ ಮೇಲಿನ ಒಂದೇ ಸನ್ನೆ (ಲಿವರ್) ಸಾಕು. ಬಿಳಿ ಸಮತೋಲನ, ಪಿಕ್ಚರ್ ಕಂಟ್ರೋಲ್‌ಗಳನ್ನು ವಿಡಿಯೊಗೆ ಬೇರೆಯಾಗಿಯೇ ಇಟ್ಟುಕೊಳ್ಳಬಹುದು.

ಹಗಲಿನ ಕೆಲಸವಿದ್ದರೆ ಎನ್‌ಡಿ ಫಿಲ್ಟರ್ (ಬೆಳಕನ್ನು ತಗ್ಗಿಸುವ ಗಾಜು) ಮರೆಯಬೇಡಿ. ಬಿಸಿಲಿನಲ್ಲಿ 1/50 ಇಟ್ಟರೆ ಎಲ್ಲವೂ ಬೆಳ್ಳಗಾಗುತ್ತದೆ.

ಸಂಕಲನ

ನಾನು ಬೆಂಗಳೂರಿನಲ್ಲಿ ಕುಳಿತು ಇತರರು ತಂದ ಕಾರ್ಡ್‌ಗಳನ್ನು ಬಿಡಿಸುವವನು. ಕ್ಯಾಮೆರಾದ ಬೆಲೆಯನ್ನು ಎಲ್ಲರೂ ಹೇಳುತ್ತಾರೆ, ಕಡತಗಳ ಬೆಲೆಯನ್ನು ಯಾರೂ ಹೇಳುವುದಿಲ್ಲ.

ಝಡ್8 ಒಳಗೇ 8.3ಕೆ, 60 ಚೌಕಟ್ಟಿನ ಎನ್-ರಾ (ನಿಕಾನಿನ ರಾ ವಿಡಿಯೊ) ದಾಖಲಿಸುತ್ತದೆ. ಉತ್ತಮ ಗುಣಮಟ್ಟ ಆರಿಸಿದರೆ 512 ಜಿಬಿಯ ಕಾರ್ಡ್ ಸುಮಾರು 12 ನಿಮಿಷಕ್ಕೆ ತುಂಬುತ್ತದೆ. ಆಟ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನವರೆಗೆ ನಡೆಯುತ್ತದೆ ಎಂದರೆ ನೀವೇ ಗುಣಿಸಿ. ಇಳಿದು ಬಂದು 4ಕೆ, 25 ಚೌಕಟ್ಟಿನ, ಸಂಕಲನಕ್ಕೆ ಹಗುರವಾದ ಪ್ರೊರೆಸ್ 422 ಎಚ್‌ಕ್ಯೂ ತೆಗೆದರೂ ಗಂಟೆಗೆ 330 ಜಿಬಿ. ಅದೇ 4ಕೆಯನ್ನು ಹೆಚ್ಚು ಒತ್ತಿ ಚಿಕ್ಕದಾಗಿಸುವ 10 ಬಿಟ್ ಎಚ್.265 ರೂಪದಲ್ಲಿ ತೆಗೆದರೆ ಗಂಟೆಗೆ ನೂರು ಜಿಬಿಯೊಳಗೆ ಮುಗಿಯುತ್ತದೆ. ನಿಮ್ಮ ಕೆಲಸಕ್ಕೆ ಇದೇ ಸರಿ. ವಿಶೇಷ ವೇಷದ ಪ್ರವೇಶಕ್ಕೆ ಬೇಕಾದರೆ ಐದು ನಿಮಿಷ ರಾ ತೆಗೆಯಿರಿ. ಅದರ ಜೊತೆಗೆ ಒಂದು ಸಣ್ಣ ಎಂಪಿ4 ಪ್ರತಿಯೂ ತಾನಾಗಿ ಉಳಿಯುತ್ತದೆ, ಮನೆಯ ಸಾಧಾರಣ ಕಂಪ್ಯೂಟರಿನಲ್ಲೂ ನೋಡಬಹುದು.

ಕಾರ್ಡ್ ಕಿಂಡಿಗಳು ಎರಡು: ಒಂದು ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ, ಇನ್ನೊಂದು ಎಸ್‌ಡಿ. ಡಿ850ರ ನಿಮ್ಮ ಎಕ್ಸ್‌ಕ್ಯೂಡಿ ಕಾರ್ಡ್ ಮೊದಲನೆಯದರಲ್ಲಿ ಕೂರುತ್ತದೆ, ಚಿತ್ರಗಳಿಗೆ ಧಾರಾಳ. ದೊಡ್ಡ ರಾ ವಿಡಿಯೊಗೆ ಅದೂ ಸಾಲದು, ಎಸ್‌ಡಿ ಕಾರ್ಡಿಗಂತೂ ಆ ವೇಗವೇ ಇಲ್ಲ.

ಪ್ರತಿ ಆಟವನ್ನು ಎರಡು ಡಿಸ್ಕ್‌ಗಳಲ್ಲಿ ಇಡಿ, ಎರಡನ್ನು ಎರಡು ಮನೆಗಳಲ್ಲಿ ಇಡಿ. ಕರಾವಳಿಯ ತೇವಕ್ಕೆ ಒಂದು ಡಿಸ್ಕ್ ಬಲಿಯಾದರೂ ಇನ್ನೊಂದು ಉಳಿಯುತ್ತದೆ. ನೀವು ತೆಗೆಯಹೊರಟಿರುವುದು ಮೂವತ್ತು ವರ್ಷ ಕಳೆದ ಮೇಲೆ ಯಾರೋ ಹುಡುಕಿಕೊಂಡು ಬರುವಂಥದ್ದು.

ಹಳೆಮಸೂರ

ಇನ್ನೊಂದು ವಾದ ಮುಂದಿಡುತ್ತೇನೆ. ವಿಡಿಯೊ ಬೇಕೆಂದರೆ ಡಿ850 ಚಿತ್ರಕ್ಕಿರಲಿ, ವಿಡಿಯೊಗೆ ನಿಕಾನ್ ಝಡ್6-3 ಕೊಳ್ಳಿ. 24.5 ಮೆಗಾಪಿಕ್ಸೆಲ್, ಭಾಗಶಃ ಪದರದ ಸಂವೇದಕ, 6ಕೆ ರಾ, ಬ್ಯಾಟರಿ ಕಾರ್ಡ್ ಸೇರಿ 760 ಗ್ರಾಂ, ಬೆಲೆಯೂ ಎಷ್ಟೋ ಕಡಿಮೆ. ಝಡ್8 ಅದೇ ಲೆಕ್ಕದಲ್ಲಿ 910 ಗ್ರಾಂ. ಎರಡು ಕ್ಯಾಮೆರಾ ಇದ್ದರೆ ಒಂದು ಸ್ಟ್ಯಾಂಡಿನ ಮೇಲೆ ತನ್ನ ಪಾಡಿಗೆ ಓಡುತ್ತಿರುತ್ತದೆ, ಇನ್ನೊಂದು ನಿಮ್ಮ ಕೈಯಲ್ಲಿ. "ಒಂದೇ ಕ್ಷಣದಲ್ಲಿ ಎರಡು ಆಗದು" ಎಂಬ ತೊಡಕಿಗೆ ಇದಕ್ಕಿಂತ ನೇರ ಪರಿಹಾರವಿಲ್ಲ. ಕಣ್ಣಿಟ್ಟು ನೋಡುವ ದರ್ಶಕವೂ ಝಡ್6-3ರದ್ದೇ ಹೆಚ್ಚು ಸೂಕ್ಷ್ಮ: 57.6 ಲಕ್ಷ ಚುಕ್ಕಿಗಳು. ಝಡ್8ರದ್ದು 36.9 ಲಕ್ಷ.

ಇನ್ನು ನಿಮ್ಮ ಮಸೂರಗಳು ಯಾವುವು? ಅದನ್ನು ಕೇಳದೆ ಯಾರೂ ಬಾಡಿಯ ಬಗ್ಗೆ ಸಲಹೆ ಕೊಡಬಾರದು.

ಚೌಕಿಮನೆ

70-200 ಎಎಫ್-ಎಸ್ ಇದೆ. ಜೊತೆಗೆ ಅಣ್ಣನಿಂದ ಬಂದ 80-200 ಎಫ್/2.8 ಎಎಫ್-ಡಿ. ಅದರ ಬಣ್ಣ ನನಗೆ ಬಹಳ ಇಷ್ಟ.

ಹಳೆಮಸೂರ

ಮೊದಲನೆಯದು ಎಫ್‌ಟಿಝಡ್ ಅಡಾಪ್ಟರ್ (ಹಳೆಯ ಮಸೂರವನ್ನು ಝಡ್ ಕ್ಯಾಮೆರಾಗೆ ಕೂಡಿಸುವ ಉಂಗುರ) ಮೂಲಕ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೆಯದರ ಒಳಗೆ ಮೋಟಾರ್ ಇಲ್ಲ. ಅದನ್ನು ತಿರುಗಿಸುತ್ತಿದ್ದುದು ಡಿ850ರೊಳಗಿನ ಮೋಟಾರ್. ಅಡಾಪ್ಟರಿನಲ್ಲಿ ಆ ಮೋಟಾರ್ ಇಲ್ಲದ್ದರಿಂದ ಕೈಯಲ್ಲೇ ಫೋಕಸ್ ಮಾಡಬೇಕು. ಅಣ್ಣನ ಮಸೂರಕ್ಕಾಗಿಯಾದರೂ ಡಿ850 ಮಾರಬೇಡಿ.

ಮದುವೆಚಿತ್ರ

ಎರಡು ಕ್ಯಾಮೆರಾದ ವಾದ ನ್ಯಾಯವಾದದ್ದೇ. ಆದರೆ ಡಿ850 ಕೈಯಲ್ಲಿದ್ದರೆ ಅದರ ಸದ್ದು ವಿಡಿಯೊದೊಳಗೆ ಬರುತ್ತದೆ. ತಾಳಮದ್ದಳೆಯಲ್ಲಿ ಅದೇ ಹಳೆಯ ಕಥೆ.

ಸೆಕೆಂಡ್‌ಹ್ಯಾಂಡ್ ಝಡ್8 ನೋಡುವವರಿಗೆ ಒಂದು ಮಾತು. 2023ರ ಮೊದಲ ಕಂತಿನ ಕೆಲವು ಕ್ಯಾಮೆರಾಗಳಲ್ಲಿ ಕೊರಳಿಗೆ ಹಾಕುವ ಪಟ್ಟಿಯ ಕೊಂಡಿ ಸಡಿಲವಾಗುವ, ಕೆಲವದರಲ್ಲಿ ಮಸೂರ ಸರಿಯಾಗಿ ಕೂರದ ತೊಂದರೆಯನ್ನು ಕಂಪನಿಯೇ ಪ್ರಕಟಿಸಿ ಉಚಿತವಾಗಿ ಸರಿಪಡಿಸಿಕೊಟ್ಟಿತು. ಕ್ರಮಸಂಖ್ಯೆ ಹಾಕಿ ಪರೀಕ್ಷಿಸಿ. ಭಾರತದ ಬಿಲ್ ಇಲ್ಲದ್ದನ್ನು ಕೊಳ್ಳಬೇಡಿ.

ತೆಂಕುತಿಟ್ಟು

ಬೆಳಕಿನ ಬಗ್ಗೆ ನನ್ನ ಅನುಭವ ಸೇರಿಸುತ್ತೇನೆ. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಅಂಥ ದೀಪಗಳಿಗೆ 25 ಅಥವಾ 50 ಚೌಕಟ್ಟು, 1/50 ಅಥವಾ 1/100 ಶಟರ್ ಇಟ್ಟರೆ ಸಾಕು. ಅಂತರಜಾಲದ ಪಾಠ ಕೇಳಿ 30 ಚೌಕಟ್ಟು, 1/60 ಇಟ್ಟವರ ವಿಡಿಯೊಗಳೆಲ್ಲ ಅಲೆಯಲೆಯಾಗಿ ಮಿನುಗುವುದನ್ನು ನೋಡಿ ಬೇಸರವಾಗಿದೆ.

ರಂಗಸ್ಥಳದ ಮೇಲಿನ ಬಣ್ಣ ಬದಲಿಸುವ ಅಗ್ಗದ ಎಲ್‌ಇಡಿಗಳ ಕಥೆ ಬೇರೆ. ಅವು ಸಾವಿರಾರು ಸಲ ಮಿನುಗುತ್ತವೆ, ನೂರರ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಝಡ್8ರಲ್ಲಿ ಶಟರ್ ವೇಗವನ್ನು ದಶಮಾಂಶದಷ್ಟು ಸಣ್ಣ ಹೆಜ್ಜೆಗಳಲ್ಲಿ ಬದಲಿಸುವ ಆಯ್ಕೆಯಿದೆ. ಚೌಕಿಪೂಜೆ (ಆಟಕ್ಕೆ ಮೊದಲು ಬಣ್ಣದ ಮನೆಯ ಪೂಜೆ) ನಡೆಯುವಾಗಲೇ ದೀಪ ಹಚ್ಚಿಸಿ, ದರ್ಶಕದಲ್ಲಿ ಪಟ್ಟಿ ಮಾಯವಾಗುವವರೆಗೆ ಆ ಅಂಕಿಯನ್ನು ಸರಿಸಿ, ಬರೆದಿಟ್ಟುಕೊಳ್ಳಿ.

ಕೆಂಪು ಬಣ್ಣದ ಮೇಲೆ ಕಣ್ಣಿಡಿ. ಬಣ್ಣದ ವೇಷದ ಕೆಂಪಿನ ಮೇಲೆ ಕೆಂಪು ಎಲ್‌ಇಡಿ ಬಿದ್ದರೆ ಮುಖದ ಬರಹವೆಲ್ಲ ಒಂದೇ ಮುದ್ದೆಯಾಗುತ್ತದೆ. ಒಂದು ಸ್ಟಾಪ್ ಕಡಿಮೆ (ಅರ್ಧದಷ್ಟು ಬೆಳಕಿಗೆ) ತೆಗೆಯಿರಿ, ಹಿಸ್ಟೋಗ್ರಾಮಿನಲ್ಲಿ (ಬೆಳಕಿನ ನಕ್ಷೆಯಲ್ಲಿ) ಕೆಂಪನ್ನು ಬೇರೆಯಾಗಿ ನೋಡಿ.

ಸಂಕಲನ

ಧ್ವನಿಯನ್ನು ಯಾರೂ ಮುಟ್ಟಲಿಲ್ಲ. ಭಾಗವತರ ಆಲಾಪಕ್ಕೆ ಮಟ್ಟ ಹೊಂದಿಸಿದರೆ ಚಂಡೆಯ ಮೊದಲ ಪೆಟ್ಟಿಗೇ ಒಡೆಯುತ್ತದೆ, ಚಂಡೆಗೆ ಹೊಂದಿಸಿದರೆ ಆಲಾಪ ಪಿಸುಮಾತಾಗುತ್ತದೆ. ಸಣ್ಣ ಸದ್ದು, ದೊಡ್ಡ ಸದ್ದು ಎರಡನ್ನೂ ಒಡೆಯದೆ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡರ್ ಒಂದನ್ನು ಬೇರೆಯಾಗಿ ಇಡಿ. ನಿಕಾನ್ 2024ರಲ್ಲಿ ರೆಡ್ ಕಂಪನಿಯನ್ನು ಕೊಂಡ ಮೇಲೆ 2025ರಲ್ಲಿ ಬಂದ ಝಡ್‌ಆರ್ ಕ್ಯಾಮೆರಾದಲ್ಲಿ ಈ 32 ಬಿಟ್ ಫ್ಲೋಟ್ ಒಳಗೇ ಇದೆ. ಆದರೆ ಅದಕ್ಕೆ ಕಣ್ಣಿಡುವ ದರ್ಶಕವಿಲ್ಲ, ಅದು ಸಿನಿಮಾದವರಿಗಾಗಿ ಕಟ್ಟಿದ್ದು. ಚೌಕಿಮನೆಯವರಿಗೆ ಹೊಂದುವುದಿಲ್ಲ.

ಭದ್ರಾತೀರ

ಬಿಸಿಯ ಭಯ ಇರುವವರಿಗೆ: 2020ರ ಕ್ಯಾನನ್ ಆರ್5 8ಕೆಯಲ್ಲಿ ಸುಮಾರು 20 ನಿಮಿಷ ಮಾತ್ರ ಎಂದು ಆ ಕಂಪನಿಯೇ ಹೇಳಿತ್ತು. ಝಡ್8ಕ್ಕೆ ನಿಕಾನ್ ಹೇಳುವುದು 8ಕೆ 30 ಚೌಕಟ್ಟಿಗೆ ಸುಮಾರು 90 ನಿಮಿಷ, 4ಕೆ 60ಕ್ಕೆ 125 ನಿಮಿಷ. ನಿಮ್ಮ ರಾತ್ರಿಗಳಿಗೆ ತಾಪ ಅಡ್ಡಿಯಾಗದು, ಬ್ಯಾಟರಿ ಅಡ್ಡಿಯಾಗುತ್ತದೆ. ಡಿ850ಗೆ ಒಂದು ಚಾರ್ಜಿಗೆ 1840 ಚಿತ್ರಗಳ ಲೆಕ್ಕವಿದ್ದರೆ ಇದಕ್ಕೆ ಅದೇ ಮಾನದಂಡದಲ್ಲಿ 340 ಮಾತ್ರ. ನಿಜ ಬಳಕೆಯಲ್ಲಿ ಎಷ್ಟೋ ಹೆಚ್ಚು ಬರುತ್ತದೆ, ಆದರೂ ಡಿ850ರಷ್ಟು ಬರುವುದಿಲ್ಲ. ಇಎನ್-ಇಎಲ್15ಸಿ ಬ್ಯಾಟರಿ ಮೂರಾದರೂ ಇರಲಿ. ಯುಎಸ್‌ಬಿ-ಸಿ ಕಿಂಡಿ ಎರಡಿವೆ, ಒಂದು ವಿದ್ಯುತ್ತಿಗಾಗಿಯೇ. ಒಳ್ಳೆಯ ಪಿಡಿ (ವೇಗದ ಚಾರ್ಜಿನ) ಪವರ್‌ಬ್ಯಾಂಕನ್ನು ಸ್ಟ್ಯಾಂಡಿನ ಕಾಲಿಗೆ ಕಟ್ಟಿಬಿಡಿ.

ಕೊಳ್ಳುವ ಮೊದಲು ಒಂದು ರಾತ್ರಿಗೆ ಬಾಡಿಗೆಗೆ ತಂದು ನೋಡಿ.

ಚೌಕಿಮನೆ

ಮೂರು ವಾರ ಕಳೆದು ಬರೆಯುತ್ತಿದ್ದೇನೆ. ಭದ್ರಾತೀರ ಹೇಳಿದಂತೆ ಎರಡು ದಿನಕ್ಕೆ ಬಾಡಿಗೆಗೆ ತಂದೆ. ಮೊದಲ ದಿನ ಸಭಾಂಗಣದೊಳಗಿನ ಒಂದು ಆಟ, ಮರುದಿನ ತಾಳಮದ್ದಳೆ.

ಆಟದ ರಾತ್ರಿ ಮೊದಲ ಗಂಟೆ ನನಗೆ ಗಲಿಬಿಲಿಯಲ್ಲೇ ಕಳೆಯಿತು. ಸನ್ನೆಯನ್ನು ಚಿತ್ರದ ಕಡೆಗೆ ತಿರುಗಿಸುವುದು, ಮತ್ತೆ ವಿಡಿಯೊ, ಅಷ್ಟರಲ್ಲಿ ಪದ್ಯ ಮುಗಿಯುವುದು. ಮದುವೆಚಿತ್ರ ಅವರ ಮಾತು ನೆನಪಾಗಿ ನಿಲ್ಲಿಸಿದೆ. ಪ್ರಸಂಗ ನನಗೆ ಬಾಯಿಪಾಠ. ಭಾಗವತರು ಎತ್ತುವ ರಾಗದಿಂದಲೇ ಮುಂದೆ ಕುಣಿತವೋ ಮಾತೋ ತಿಳಿಯುತ್ತದೆ. ಆ ಮೇಲೆ ಕಿವಿ ಹೇಳಿದಂತೆ ಬೆರಳು ನಡೆಯಿತು. ಕುಣಿತವೆಲ್ಲ 4ಕೆ 50, ಶಟರ್ 1/100. ಮಾತೆಲ್ಲ ಚಿತ್ರ. ತೆಂಕುತಿಟ್ಟು ಹೇಳಿದ ದಶಮಾಂಶದ ಆಟ ನೀಲಿ ದೀಪಕ್ಕೆ ಒಲಿಯಿತು. ಮುಂಡಾಸು, ಕೇದಗೆ ಮುಂದಲೆ, ಕಣ್ಣಸುತ್ತಿನ ಕಪ್ಪು ಇವುಗಳ ನಡುವೆ ಕಣ್ಣು ಹಿಡಿಯಬೇಕಾದಾಗ ಫೋಕಸ್ ವಲಯವನ್ನು ಸಣ್ಣದು ಮಾಡಿಕೊಂಡು ನಾನೇ ಮುಖದ ಮೇಲೆ ಇಟ್ಟೆ.

ಮನೆಗೆ ಬಂದು ಮಂಡಿ ಕುಣಿತದ ತುಣುಕನ್ನು ನಿಧಾನ ಮಾಡಿ ನೋಡಿದೆ. ಹನ್ನೊಂದು ವರ್ಷ ಅದೇ ರಂಗಸ್ಥಳದ ಎದುರು ಕುಳಿತಿದ್ದೇನೆ. ಮಂಡಿಯೂರಿ ಸುತ್ತುವಾಗ ಎಡಗಾಲಿನ ಹೆಬ್ಬೆರಳು ಮೊದಲು ನೆಲವನ್ನು ತಳ್ಳುತ್ತದೆ, ಆ ಮೇಲೆ ಮೈ ತಿರುಗುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ನನ್ನ ಯಾವ ಚಿತ್ರದಲ್ಲೂ ಅದು ಇಲ್ಲ.

ಮರುದಿನದ ತಾಳಮದ್ದಳೆಯಲ್ಲಿ ಮೂರನೇ ಸಾಲಿನಲ್ಲಿ ಕುಳಿತು ಮುನ್ನೂರು ಚಿತ್ರ ತೆಗೆದೆ. ಪಕ್ಕದಲ್ಲಿದ್ದವರು ಕೊನೆಯಲ್ಲಿ ಕೇಳಿದರು, "ಇವತ್ತು ಚಿತ್ರ ತೆಗೆಯಲಿಲ್ಲವೇ?"

ಝಡ್8 ಕೊಳ್ಳುತ್ತೇನೆ. ಡಿ850 ಮಾರುವುದಿಲ್ಲ. ರಾ ವಿಡಿಯೊದ ಆಸೆ ಬಿಟ್ಟೆ, ಆ ಹಣ ಡಿಸ್ಕ್‌ಗಳಿಗೆ.

ಹಳೆಮಸೂರ

ಎರಡು ಕ್ಯಾಮೆರಾದ ವಾದವನ್ನು ನಾನು ಇನ್ನೂ ಬಿಟ್ಟಿಲ್ಲ. ಆದರೆ ಹೆಬ್ಬೆರಳಿನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆ ತುಣುಕನ್ನು ಮೃತರಾದ ಹಿರಿಯರ ಮಗನಿಗೆ ತೋರಿಸಿದಿರಾ?

ಚೌಕಿಮನೆ

ತೋರಿಸಿದೆ. ಅವರ ತಂದೆಯ ಹೆಜ್ಜೆ ಇದಕ್ಕಿಂತ ಬೇರೆಯಾಗಿತ್ತಂತೆ, ಬಲಗಾಲಿನಿಂದ ಎತ್ತುತ್ತಿದ್ದರಂತೆ. ಅದನ್ನು ಅವರಿಂದಲೇ ಕಲಿತ ಶಿಷ್ಯರೊಬ್ಬರು ಇದ್ದಾರೆ, ವಯಸ್ಸು ಎಪ್ಪತ್ತೆರಡು, ಮೇಳ ಬಿಟ್ಟು ಬಹಳ ಕಾಲವಾಯಿತು. ಬರುವ ಭಾನುವಾರ ಅವರ ಅಂಗಳಕ್ಕೆ ಹೋಗುತ್ತಿದ್ದೇವೆ. ಬೆಳಗಿನ ಎಂಟು ಗಂಟೆಗೆ, ಬಿಸಿಲು ಏರುವ ಮೊದಲು. ಎನ್‌ಡಿ ಫಿಲ್ಟರ್ 77 ಮಿಲಿಮೀಟರಿನದು ಯಾರಲ್ಲಾದರೂ ಇದ್ದರೆ ಎರಡು ದಿನಕ್ಕೆ ಕೊಡಬಲ್ಲಿರಾ?

ತೆಂಕುತಿಟ್ಟು

ನನ್ನಲ್ಲಿದೆ. ಶನಿವಾರ ಸಂಜೆ ಉಡುಪಿ ಬಸ್ ನಿಲ್ದಾಣದಲ್ಲಿ ತಲುಪಿಸುತ್ತೇನೆ. ಅಭ್ಯಂತರವಿಲ್ಲದಿದ್ದರೆ ರೆಕಾರ್ಡರ್ ಹಿಡಿದು ನಾನೂ ಬರುತ್ತೇನೆ, ಮದ್ದಳೆ ನುಡಿಸುವವರನ್ನೂ ಕರೆತರುತ್ತೇನೆ.